ಅಕ್ಕನ ಮುಖಕ್ಕೊಂದು ಟಿಕೆಟ್

ಬಸ್ ಕಂಡಕ್ಟರ್ ಆಗಿ ಆಯುಷ್ಯ ಸವೆಸಿದವನಿಗೆ ‘ಜಾಗ ಇಲ್ಲ’ ಎಂಬ ಮಾತು ಅರ್ಥವಾಗುವುದು ಕಷ್ಟ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ರೂಟಿನಲ್ಲಿ ನನ್ನ ಬಸ್ಸು ಒಂದು ದಿನವೂ ತುಂಬಿದ್ದಿಲ್ಲ. ಜನ ಇರಲಿಲ್ಲವೆಂದಲ್ಲ, ಬಾಗಿಲ ಮೆಟ್ಟಿಲ ಮೇಲೆ ಒಂದು ಕಾಲೂರಲು ತಾವಿದ್ದರೆ ಬಸ್ಸಿನ್ನೂ ತುಂಬಿಲ್ಲವೆಂದೇ ನನ್ನ ಲೆಕ್ಕ. ‘ಒಳಗೆ ಸರೀರಿ, ನಡುವೆ ಜಾಗ ಐತೆ’ ಎನ್ನುತ್ತಿದ್ದೆ. ಆಗ ನಡುವೆ ನಿಂತಿದ್ದವರು ನನ್ನನ್ನು ಹೇಗೆ ನೋಡುತ್ತಿದ್ದರೆಂಬುದನ್ನು ಇಲ್ಲಿ ಬರೆಯುವುದು ಬೇಡ. ಕೋಳಿ ಹಿಡಿದವರು, ಕಡಲೆಕಾಯಿ ಮೂಟೆಯವರು, ಕಂಬಳಿಯೊಳಗೆ ಕುರಿಮರಿ ಬಚ್ಚಿಟ್ಟುಕೊಂಡು ಅದು ಕೂಗಿದಾಗ ತಾವೇ ಕೆಮ್ಮಿದವರು, ಎಲ್ಲರಿಗೂ ಟಿಕೆಟ್ ಹರಿದು ಕೊಟ್ಟಿದ್ದೇನೆ. ಇಂಥ ನಾನು ನಿವೃತ್ತನಾದ ಮೇಲೆ ಒಂದೇ ಒಂದು ಟಿಕೆಟ್ಟಿಗಾಗಿ ವಾರಗಟ್ಟಲೆ ಫೋನು ತಿಕ್ಕಬೇಕಾಯಿತು. ಅದೂ ಎಲ್ಲಿಗೆ? ನಾನು ಹುಟ್ಟಿ ಬೆಳೆದ ಬೀದಿಯಲ್ಲಿ, ನಮ್ಮ ಎದುರು ಮನೆಗೆ.

ಹೊಳಲ್ಕೆರೆಯ ಆ ಎದುರು ಮನೆ ಪೇಂಟರ್ ರಹೀಮಣ್ಣನದು. ಅಂಗಡಿಗಳ ಬೋರ್ಡು, ಲಾರಿಗಳ ಹಿಂಬದಿ, ಶಾಲೆಯ ಗೋಡೆಯ ಮಗ್ಗಿ, ಎಲ್ಲ ಅವನೇ ಬರೆಯುತ್ತಿದ್ದ. ಡಬ್ಬಿಯ ತಳದಲ್ಲಿ ಉಳಿದ ಬಣ್ಣವನ್ನು ಮನೆಗೆ ತಂದು ಪಡಸಾಲೆಯ ಗೋಡೆಗಳ ಮೇಲೆ ಬೀದಿಯ ಜನರನ್ನೆಲ್ಲ ಬಿಡಿಸುತ್ತಿದ್ದ. ಹಾಲಿನವಳು, ಕ್ಷೌರದಂಗಡಿಯವರು, ನಮ್ಮಪ್ಪನೊಡನೆ ಮಾತು ಬಿಟ್ಟಿದ್ದ ಗಿರಣಿಯವರು, ಎಲ್ಲರೂ ಅಲ್ಲಿದ್ದರು. ಉಳಿದ ಬಣ್ಣವೇ ಗತಿಯಾದ್ದರಿಂದ ಅರ್ಧ ಜನ ಲಾರಿಯ ಹಸಿರು ಬಣ್ಣಕ್ಕಿದ್ದರು. ಬೀದಿಯವರಿಗೆ ಇದೊಂದು ಹುಚ್ಚಾಗಿ ಕಂಡಿತ್ತೇ ಹೊರತು ಕಲೆ ಎಂದು ಯಾರಿಗೂ ಅನುಮಾನ ಬಂದಿರಲಿಲ್ಲ. ಅವನು ತೀರಿಕೊಂಡ ಮೇಲೆ ಬೆಂಗಳೂರಿನಿಂದ ಯಾರೋ ಬಂದರು, ಫೋಟೋ ತೆಗೆದರು, ಬಾಯ ಮೇಲೆ ಕೈಯಿಟ್ಟುಕೊಂಡರು. ಚಿಕ್ಕಜಾಜೂರಿನಲ್ಲಿ ಅಂಗಡಿ ಇಟ್ಟುಕೊಂಡಿದ್ದ ಅವನ ಮಗ ಮನೆಯನ್ನು ಅವರಿಗೆ ಮಾರಿದ. ಈಗ ಅದಕ್ಕೆ ಗಾಜಿನ ಬಾಗಿಲು ಬಂದಿದೆ, ಗೋಡೆ ನೋಡಲು ಟಿಕೆಟ್ ಬಂದಿದೆ. ಒಂದು ಸಲಕ್ಕೆ ನಾಲ್ಕಾರು ಜನರನ್ನಷ್ಟೇ ಬಿಡುತ್ತಾರೆ. ಹೆಚ್ಚು ಜನರ ಉಸಿರು ತಾಗಿದರೆ ಬಣ್ಣ ಕೆಡುತ್ತದಂತೆ. ರಹೀಮಣ್ಣ ಬೀಡಿ ಸೇದುತ್ತ ಅದೇ ಗೋಡೆಗೆ ಹೊಗೆ ಬಿಡುತ್ತಿದ್ದ ಸಂಗತಿಯನ್ನು ಆ ಬಣ್ಣಕ್ಕೆ ಯಾರೂ ತಿಳಿಸಿದಂತಿಲ್ಲ.

ನನಗೆ ಆ ಗೋಡೆಯ ಗೀಳೇನೂ ಇರಲಿಲ್ಲ. ಇದ್ದದ್ದು ನಮ್ಮಕ್ಕನಿಗೆ. ಗೌರಕ್ಕ ನನಗಿಂತ ಆರೇಳು ವರ್ಷ ದೊಡ್ಡವಳು. ರಹೀಮಣ್ಣ ಅವಳನ್ನು ಗೋಡೆಯ ಮೇಲೆ ಗೆರೆಯಲ್ಲಿ ಬಿಡಿಸಿದ್ದ. ಬಣ್ಣ ತುಂಬುವಷ್ಟರಲ್ಲಿ ಅವಳು ಮದುವೆಯಾಗಿ ಧರ್ಮಪುರಕ್ಕೆ ಹೋದಳು. ನಾವೂ ಆ ಬಾಡಿಗೆ ಮನೆ ಬಿಟ್ಟು ಚಿತ್ರದುರ್ಗಕ್ಕೆ ಬಂದೆವು. ಮದುವೆಗೆ ಮುಂಚಿನ ಅವಳ ಫೋಟೋ ನಮ್ಮಲ್ಲಿ ಒಂದೂ ಇಲ್ಲ. ಮದುವೆಯ ಫೋಟೋದಲ್ಲಿ ಬಾಸಿಂಗದ ಕೆಳಗೆ ಒಂದು ಗದ್ದ ಕಾಣುತ್ತದೆ, ಅದು ಯಾರ ಗದ್ದವಾದರೂ ಆಗಬಹುದು. ಈಚೆಗೆ ಅವಳ ಮೊಮ್ಮಗಳು ‘ಅಜ್ಜಿ, ನೀನು ನನ್ನಷ್ಟಿದ್ದಾಗ ಹೆಂಗಿದ್ದೆ’ ಎಂದು ಕೇಳಿದಳಂತೆ. ಅಂದೇ ಅಕ್ಕ ನನಗೆ ಫೋನು ಮಾಡಿದಳು.

“ಲೇ ರುದ್ರ, ನನಗೇ ನನ್ನ ಮಕ ಮರ್ತೋಗೈತೆ ಕಣೋ. ಆ ಮನೇಗೆ ಒಂದು ಟಿಕೆಟ್ ತೆಗಿ. ನಿನಗೆ ಟಿಕೆಟ್ ಏನು ಹೊಸದಾ?”

ಹೊಸದೇ ಆಗಿತ್ತು. ಪ್ರತಿ ಸೋಮವಾರ ಬೆಳಗ್ಗೆ ಆ ವಾರದ ಟಿಕೆಟ್‌ಗಳನ್ನು ಫೋನಿನಲ್ಲಿ ಬಿಡುತ್ತಾರೆ. ನಾನು ಕನ್ನಡಕ ಒರೆಸಿಕೊಂಡು, ಹೆಂಡತಿಗೆ ಮಾತಾಡಬೇಡವೆಂದು ಹೇಳಿ ಕೂರುತ್ತಿದ್ದೆ. ಹೆಸರು, ವಯಸ್ಸು, ಗುರುತಿನ ಚೀಟಿಯ ಸಂಖ್ಯೆ ಎಲ್ಲ ತುಂಬಿದ ಮೇಲೆ ಅದು ‘ನೀವು ಮನುಷ್ಯರೆಂದು ಸಾಬೀತುಪಡಿಸಿ’ ಎನ್ನುತ್ತಿತ್ತು. ಸಾಬೀತುಪಡಿಸಲು ಚೌಕಚೌಕವಾದ ಚಿತ್ರಗಳನ್ನು ತೋರಿಸಿ, ಅವುಗಳಲ್ಲಿ ಬಸ್ಸು ಇರುವುದನ್ನು ಮಾತ್ರ ಒತ್ತಬೇಕು ಎಂದಿತು. ನನ್ನ ಎದೆ ಉಬ್ಬಿತು. ಆದರೆ ಒಂದು ಚೌಕದಲ್ಲಿ ಬಸ್ಸಿನ ಕನ್ನಡಿ ಮಾತ್ರ ಇತ್ತು. ಕನ್ನಡಿಯನ್ನು ಬಸ್ಸೆನ್ನಬಹುದೇ? ಇನ್ನೊಂದರಲ್ಲಿದ್ದದ್ದು ಬಸ್ಸೋ ಟೆಂಪೋ ಎಂದು ಬೆಳಕಿಗೆ ಹಿಡಿದು ನೋಡಿದೆ. ನಿರ್ಧಾರಕ್ಕೆ ಬರುವಷ್ಟರಲ್ಲಿ ಟಿಕೆಟ್‌ಗಳು ಮುಗಿದಿದ್ದವು, ನಾನು ಮನುಷ್ಯನೆಂಬುದೂ ಸಾಬೀತಾಗಿರಲಿಲ್ಲ. ಮುಂದಿನ ಸೋಮವಾರ ನೆಟ್‌ವರ್ಕು ಕೈಕೊಟ್ಟಿತು. ಅದರ ಮುಂದಿನ ಸೋಮವಾರ ಎಲ್ಲ ಸರಿಯಾಗಿ ನಡೆದು, ಕಡೆಗೆ ಬರಬೇಕಾದ ಒಟಿಪಿ ಸಂಜೆ ಬಂತು.

“ಫೋನ್ ಕಟ್ಟಿಡು,” ಎಂದಳು ಅಕ್ಕ. “ಹಂಗೇ ಹೋಗಾಣ. ಫಾತಿಮಕ್ಕ ಇನ್ನೂ ಅಲ್ಲೇ ಅವ್ಳಂತೆ. ನಮ್ಮನ್ನ ಯಾರು ತಡೀತಾರೆ?”

ಫಾತಿಮಕ್ಕ ಎಂದರೆ ರಹೀಮಣ್ಣನ ಹೆಂಡತಿ. ಅವಳ ಭರವಸೆಯ ಮೇಲೆ ಅಕ್ಕ ಧರ್ಮಪುರದಿಂದ ಹಿರಿಯೂರಿಗೆ, ಹಿರಿಯೂರಿನಿಂದ ಚಿತ್ರದುರ್ಗದ ನಮ್ಮ ಮನೆಗೆ ಬಸ್ಸು ಬದಲಿಸಿ ಬಂದಳು. ಮಾರನೆಯ ಬೆಳಗ್ಗೆ ಇಬ್ಬರೂ ಹೊಳಲ್ಕೆರೆ ಬಸ್ಸು ಹತ್ತಿದೆವು. ಅಕ್ಕ ಒಳ್ಳೆಯ ಸೀರೆ ಉಟ್ಟು, ತಲೆಗೆ ಎಣ್ಣೆ ಹಾಕಿ ಬಾಚಿಕೊಂಡಿದ್ದಳು. ಗೋಡೆ ಇವಳನ್ನು ನೋಡುತ್ತದೆಯೋ ಇವಳು ಗೋಡೆಯನ್ನೋ ಎಂದು ಕೇಳಬೇಕೆನ್ನಿಸಿತು, ಧೈರ್ಯ ಬರಲಿಲ್ಲ.

ಬಾಗಿಲಲ್ಲಿ ನೀಲಿ ಅಂಗಿಯ ಕಾವಲುಗಾರನಿದ್ದ. ಮಾತಿನಲ್ಲೇ ನಮ್ಮ ಕಡೆಯವನೆಂದು ತಿಳಿಯಿತು. ಬಿ.ದುರ್ಗದವನಂತೆ.

“ಟಿಕೆಟ್ ತೋರಿಸ್ರಿ.”

“ಟಿಕೆಟ್ ತಗಳಾಕೇ ಬಂದೀವಪ್ಪ,” ಎಂದೆ.

“ಇಲ್ಲಿ ಕೊಡಾಕಿಲ್ರಿ. ಫೋನ್ನಾಗೆ ತಗೋಬೇಕು.”

“ಫೋನ್ನಾಗೆ ಖಾಲಿ ಆಗೈತೆ ಅಂತೈತೆ.”

“ಹಂಗಾದ್ರೆ ಖಾಲಿ ಆಗೈತ್ರಿ,” ಎಂದ, ಬಹಳ ಗೌರವದಿಂದ.

ಅಕ್ಕ ಮುಂದೆ ಬಂದಳು. “ಏನಪ್ಪ, ಒಳಗೆ ಗೋಡೆ ಮ್ಯಾಲೆ ಇರೋಳು ನಾನೇ.”

ಅವನು ಅವಳನ್ನು ಒಮ್ಮೆ ನೋಡಿದ. “ಇರಬೌದಮ್ಮ. ಆದ್ರೂ ಟಿಕೆಟ್ ಬೇಕು.”

ನಾನು ನನ್ನ ಕಂಡಕ್ಟರ್ ಕೆಲಸದ ಪ್ರಸ್ತಾಪ ತೆಗೆದೆ. ಟಿಕೆಟ್ ಇಲ್ಲದವರನ್ನು ನೀವು ಬಿಡುತ್ತಿದ್ದಿರಾ ಎಂದು ಅವನು ಕೇಳಿದ. ಅಷ್ಟರಲ್ಲಿ ಕಾರಿನಿಂದ ಇಳಿದ ನಾಲ್ವರು ಫೋನು ಮುಂದೆ ಹಿಡಿದರು, ಅದು ಕುಯ್ಯೆಂದಿತು, ಗಾಜಿನ ಬಾಗಿಲು ತೆರೆದುಕೊಂಡಿತು. ಹಿಂದೆ ಆ ಮನೆಗೆ ಬಾಗಿಲ ಬದಲು ಒಂದು ಗೋಣಿ ಪರದೆ ಇತ್ತು. ನಾವು ಅದರೊಳಗಿನಿಂದ ಓಡಾಡುತ್ತಿದ್ದೆವು.

ಕಾವಲುಗಾರನೇ ದನಿ ತಗ್ಗಿಸಿ, “ಫಾತಿಮಜ್ಜಿ ಹಿಂದ್ಗಡೆ ಅವ್ರೆ, ಓಣಿಯಾಗಿಂದ ಹೋಗ್ರಿ,” ಎಂದ. ಹಿಂದುಗಡೆ ಅಡಿಗೆಮನೆಯನ್ನೂ ಒಂದು ಸಣ್ಣ ಕೋಣೆಯನ್ನೂ ಅವಳಿಗೆ ಬಿಟ್ಟುಕೊಟ್ಟಿದ್ದರು. ಫಾತಿಮಕ್ಕ ಅಕ್ಕನ ಎರಡೂ ಕೈ ಹಿಡಿದುಕೊಂಡು, “ಬರ್ರಿ, ಕುಂತ್ಕಳ್ರಿ” ಎಂದು ಚಾಪೆ ಹಾಸಿದಳು. ಅಡಿಗೆಮನೆಗೂ ಪಡಸಾಲೆಗೂ ನಡುವೆ ಒಂದು ಬಾಗಿಲಿತ್ತು. ಅದಕ್ಕೆ ಬೀಗ.

“ಕೀಲಿ?” ಎಂದು ಕೇಳಿದೆ.

“ಅವ್ರತ್ರ ಐತಪ್ಪ. ಮೊದಲು ನಾನೇ ಕಸ ಹೊಡೀತಿದ್ದೆ. ಪೊರಕೆ ತಾಗಿದ್ರೆ ಬಣ್ಣ ಉದುರ್ತೈತೆ ಅಂತ ಬ್ಯಾಡ ಅಂದ್ರು. ನೋಡಿ ಭಾಳ ದಿನ ಆತು.”

ಸೌದೆ ಒಲೆಯ ಕಾಲದಿಂದಲೂ ಆ ಬಾಗಿಲಿನಾಚೆ ಬದುಕಿದವಳು ಹೀಗೆ ಯಾವುದೋ ಊರಿನ ಸುದ್ದಿ ಹೇಳುವಂತೆ ಹೇಳಿ, ಚಹಾಕ್ಕೆ ನೀರಿಟ್ಟಳು. ನಾವು ಚಹಾ ಕುಡಿಯುತ್ತಿದ್ದಾಗ ಬಾಗಿಲಾಚೆ ಗೈಡ್ ಹುಡುಗನ ದನಿ ಕೇಳಿಸತೊಡಗಿತು. ಬೆಂಗಳೂರಿನ ನಯವಾದ ಕನ್ನಡ. ಗಿರಣಿಯವರ ಬಗ್ಗೆ ಏನೋ ಹೇಳಿದ. ಆಮೇಲೆ, “ಈಗ ಎಲ್ಲರೂ ಕಾಯುತ್ತಿರುವ ಚಿತ್ರ,” ಎಂದ. “ಎರಡು ಜಡೆಯ ಈ ಹುಡುಗಿಯ ಎಡಗೆನ್ನೆ ಗಮನಿಸಿ. ಕಲಾವಿದರು ಅದನ್ನು ಬೇಕೆಂದೇ ಉಬ್ಬಿಸಿದ್ದಾರೆ. ಈಕೆ ಆಡಲಾಗದ ಮಾತುಗಳೆಲ್ಲ ಅಲ್ಲಿ ಸೇರಿಕೊಂಡಿವೆ. ಹೆಣ್ಣಿನ ಮೌನಕ್ಕೆ ಇದಕ್ಕಿಂತ ದೊಡ್ಡ ರೂಪಕ ಬೇಕೇ?”

ಒಳಗೆ ಯಾರೋ ನಿಟ್ಟುಸಿರು ಬಿಟ್ಟರು. ಅಕ್ಕ ಚಹಾದ ಲೋಟ ಕೆಳಗಿಟ್ಟಳು.

“ದವಡೆ ಹಲ್ಲು ನೋಯ್ತಿತ್ತು ಕಣೋ ಅವತ್ತು,” ಎಂದಳು.

“ಲವಂಗ ನಾನೇ ಕೊಟ್ಟಿದ್ನಲ್ಲ,” ಎಂದಳು ಫಾತಿಮಕ್ಕ. “ಅದನ್ನ ಕಚ್ಕಂಡು ಕಟ್ಟೆ ಮ್ಯಾಲೆ ಅಳ್ತಾ ಕುಂತಿದ್ದೆ. ಇವ್ರು, ಅಲ್ಲಾಡಬ್ಯಾಡ ಹಂಗೇ ಇರು ಅಂದ್ರು.”

ಇಬ್ಬರೂ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕರು. ನನಗೂ ನಗು ಬಂತು. ಆದರೆ ನಗು ನಿಂತ ಮೇಲೆ ಅಕ್ಕ ಆ ಬೀಗವನ್ನೇ ನೋಡುತ್ತ ಕುಳಿತಳು. “ಇಷ್ಟು ದೂರ ಬಂದು ಗೋಡೆ ಈಚೆಗೇ ಕುಂತ್ಕಂಡು ಹೋಗ್ಲೇನೋ,” ಎಂದಳು. ಅವಳ ದನಿ ಕೇಳಿ ನನಗೆ ಬಸ್ಸು ತಪ್ಪಿಸಿಕೊಂಡವರ ಮುಖಗಳೆಲ್ಲ ನೆನಪಾದವು. ಫಾತಿಮಕ್ಕ ಎದ್ದು ಹೊರಗೆ ಹೋದಳು. ಹೋದವಳು ಗೈಡನ್ನು ಕರೆದುಕೊಂಡೇ ಬಂದಳು.

ಹುಡುಗ ಕೆಟ್ಟವನಲ್ಲ. ಮುಂದಿನ ತಂಡದಲ್ಲಿ ಒಬ್ಬರು ಬಂದಿಲ್ಲ, ಒಬ್ಬರನ್ನು ಮಾತ್ರ ಬಿಡಬಹುದು ಎಂದ. ನನ್ನ ಫೋನ್ ನಂಬರು ಬರೆದುಕೊಂಡ. ಬಾರದೇ ಇದ್ದವಳ ಹೆಸರಿನ ಚೀಟಿಯನ್ನು ಅಕ್ಕನ ಸೀರೆಗೆ ಅಂಟಿಸಿದ. ‘ಪ್ರಿಯಾಂಕಾ’ ಎಂದಿತ್ತು. ತನ್ನನ್ನು ತಾನು ನೋಡಲು ನಮ್ಮಕ್ಕ ಹೀಗೆ ಪ್ರಿಯಾಂಕಾ ಆಗಿ ಗಾಜಿನ ಬಾಗಿಲೊಳಗೆ ಹೋದಳು. ನಾನು ಓಣಿಯಿಂದ ಅವಸರದಲ್ಲಿ ಬಂದು ಅಡಿಗೆಮನೆಯ ಬಾಗಿಲಿಗೆ ಕಿವಿ ಹಚ್ಚಿದೆ. ನನ್ನ ಪಕ್ಕದಲ್ಲಿ ಫಾತಿಮಕ್ಕನೂ ಹಚ್ಚಿದಳು.

ಗಿರಣಿಯವರು ಮುಗಿದರು. ಎರಡು ಜಡೆಯ ಹುಡುಗಿ ಬಂದಳು. ರೂಪಕವೂ ಬಂತು. ಆಮೇಲೆ ಅಕ್ಕನ ದನಿ ಕೇಳಿಸಿತು. “ಅಲ್ಲಪ್ಪ. ಅದು ಹಲ್ಲು ನೋವು. ಅವಳು ನಾನು.”

ನಂತರ ಒಂದು ಹೆಣ್ಣು ದನಿ, “ಹೌ ಸ್ವೀಟ್,” ಎಂದಿತು. ಗೈಡು, ಒಂದು ಚಿತ್ರ ಪ್ರತಿಯೊಬ್ಬರಿಗೂ ತಮ್ಮದೇ ಅನ್ನಿಸುವುದು ದೊಡ್ಡ ಕಲೆಯ ಲಕ್ಷಣ ಎಂದು ವಿವರಿಸಿದ. ಎಲ್ಲರೂ ಒಪ್ಪಿದರು. ಅದೇ ಹೆಣ್ಣು ದನಿ ಮತ್ತೆ, “ಆಂಟಿ, ಒಂಚೂರು ಪಕ್ಕಕ್ಕೆ ಬರ್ತೀರಾ? ಫೋಟೋಗೆ ಅಡ್ಡ ಆಗ್ತಿದೀರ,” ಎಂದಿತು.

ಫಾತಿಮಕ್ಕ ಕಿವಿ ತೆಗೆದು ಒಲೆಯ ಕಡೆ ತಿರುಗಿಕೊಂಡಳು. ನನಗೆ ಆ ಬಾಗಿಲನ್ನು ಒದೆಯಬೇಕೆನ್ನಿಸಿತು. ಒದೆಯಲಿಲ್ಲ, ಮಂಡಿ ನೋವು.

ಅಕ್ಕ ಹೊರಗೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು. ನಾನು ಜಗಳಕ್ಕೆ ಸಿದ್ಧನಾಗಿ ಅಂಗಿಯ ತೋಳು ಮಡಿಸಿದ್ದೆ.

“ಪಕ್ಕಕ್ಕೆ ಸರಿ ಅಂದ್ರಲ್ಲ, ಸರಿದ್ಯಾ?” ಎಂದು ಕೇಳಿದೆ.

“ಸರಿದೆ. ಸರಿದ ಮ್ಯಾಲೆ ಚೆನ್ನಾಗಿ ಕಂಡೆ,” ಎಂದಳು. ಆಮೇಲೆ ಬಸ್ ನಿಲ್ದಾಣಕ್ಕೆ ನಡೆದೆವು. ಸೀಟಿನಲ್ಲಿ ಕೂತು, ಎದೆಯ ಮೇಲಿನ ಚೀಟಿ ಕಿತ್ತು ಕಿಟಕಿಯ ಸರಳಿಗೆ ಅಂಟಿಸಿ, “ಚೆನ್ನಾಗೇ ಇದ್ದೆ ಕಣೋ ರುದ್ರ,” ಎಂದಳು. “ಗಲ್ಲ ಊದಿದ್ರೂ ಚೆನ್ನಾಗೇ ಇದ್ದೆ. ಆಗ ಯಾರೂ ಹೇಳ್ಲಿಲ್ಲ ನೋಡು.”

ಮಾರನೆಯ ದಿನ ನನ್ನ ಫೋನಿಗೆ ಒಂದು ಸಂದೇಶ ಬಂತು. ‘ನಿಮ್ಮ ಭೇಟಿ ಹೇಗಿತ್ತು? ನಕ್ಷತ್ರ ಕೊಡಿ’ ಎಂದಿತ್ತು. ನಾನು ಕಾಯುತ್ತಿದ್ದದ್ದೇ ಅದಕ್ಕೆ. ಒಂದೇ ನಕ್ಷತ್ರ ಒತ್ತಿ, ಬೀಗದಿಂದ ಹಿಡಿದು ರೂಪಕದವರೆಗೆ ಎಲ್ಲವನ್ನೂ ತುಂಬಾ ಖಾರವಾಗಿ ಬರೆದೆ. ಕಳಿಸುವ ಮುಂಚೆ ಅಕ್ಕನಿಗೆ ಫೋನಿನಲ್ಲೇ ಓದಿ ಹೇಳಿದೆ.

“ಅಯ್ಯೋ, ಅಳಿಸು ಅದನ್ನ,” ಎಂದಳು. “ದಸರಾ ರಜೆಗೆ ಮೊಮ್ಮಗಳನ್ನ ಕರ್ಕಂಡು ಹೋಗಬೇಕು ನಾನು. ಈಗ್ಲೇ ಅವ್ರ ಜತೆ ಕೆಡಿಸ್ಕಬ್ಯಾಡ. ಚೆನ್ನಾಗೈತೆ ಅಂತ ಬರಿ.”

ಅಳಿಸಿದೆ. ಐದು ನಕ್ಷತ್ರ ಒತ್ತಿ, ‘ಅಚ್ಚುಕಟ್ಟಾದ ವ್ಯವಸ್ಥೆ, ಎಲ್ಲರೂ ಒಮ್ಮೆ ನೋಡಲೇಬೇಕು’ ಎಂದು ಬರೆದೆ. ನಿನ್ನೆ ಫೋನು ಸಂತೋಷದ ಸುದ್ದಿಯೊಂದನ್ನು ತಿಳಿಸಿತು. ನನ್ನ ಅಭಿಪ್ರಾಯ ಬಹಳ ಜನರಿಗೆ ಉಪಯೋಗವಾಗಿದೆಯಂತೆ. ಇಂದು ಸೋಮವಾರ, ದಸರಾ ರಜೆಯ ಟಿಕೆಟ್ಟಿಗಾಗಿ ನಾನು ಫೋನು ಹಿಡಿದು ಕೂತಾಗ, ನನಗಿಂತ ಚುರುಕಾದ ಬೆರಳಿನ ಆ ಬಹಳ ಜನರೆಲ್ಲ ನನ್ನ ಮಾತು ನಂಬಿ, ನನಗಿಂತ ಮುಂಚೆ ಟಿಕೆಟ್ ತೆಗೆದುಕೊಂಡರು.