ಶೆಟ್ಟರು ವೈಪರ್ ಬದಲಾಯಿಸಿದ್ದು

ತಾರಾನಾಥ ಶೆಟ್ಟರ ಕಾರಿನ ವೈಪರ್ ಮಳೆನೀರನ್ನು ಒರೆಸುವುದು ಬಿಟ್ಟು ಗಾಜಿನ ತುಂಬ ಸಮನಾಗಿ ಹಂಚತೊಡಗಿತ್ತು. ಅತ್ತಿತ್ತ ಹೋಗುವಾಗಲೆಲ್ಲ ಬಾಗಿಲ ಸಂದಿಗೆ ಬಾಲ ಸಿಕ್ಕ ಬೆಕ್ಕಿನಂತೆ ಕೂಗುತ್ತಿತ್ತು. ತೊಕ್ಕೊಟ್ಟಿನ ಅಹ್ಮದ್ ಬಾವರ ಅಂಗಡಿಯಿಂದ ಶೆಟ್ಟರು ಹೊಸ ಜೊತೆ ತಂದರು. ಹಳತೂ ಅಲ್ಲಿಯದೇ, ಅದೇ ಕಂಪೆನಿಯದು. ಬಾವ ಹಾಕಿಕೊಡುತ್ತೇನೆ ಎಂದರೂ ಕೇಳಲಿಲ್ಲ.

"ಇದೆಂತ ದೊಡ್ಡ ಕೆಲಸ, ನಾನೇ ಹಾಕ್ತೇನೆ."

ಮರುದಿನ ರಜೆ. ನಂತೂರಿನ ಫ್ಲಾಟಿನ ಕೆಳಗೆ ಶೆಟ್ಟರು ಹಳೆಯ ಜೊತೆ ಕಳಚುತ್ತಿದ್ದಾಗ ಪಕ್ಕದ ಮನೆಯ ಮರ್ವಿನ್ ಬಂದರು. ಹಡಗಿನಲ್ಲಿ ಎಂಜಿನಿಯರ್ ಆಗಿದ್ದವರು. ನಿವೃತ್ತರಾದ ಮೇಲೆ ಇಡೀ ಕಟ್ಟಡವೇ ಅವರ ಹಡಗು.

"ಶೆಟ್ರೆ, ಹಳತನ್ನು ತೊಳೆದು ಬಿಸಾಡ್ಬೇಕು ಮಾರಾಯ್ರೆ. ಒಣ ಕಸಕ್ಕೆ ಕೊಳಕು ಹಾಕಿದ್ರೆ, ದಿನಾ ಡಬ್ಬ ನೋಡುವ ನನ್ನ ಹೆಂಡತಿ ವಿನಿಫ್ರೆಡ್ ಬೊಬ್ಬೆ ಹೊಡೀತಾಳೆ."

ತಾವೇ ಸೋಪು ಹಚ್ಚಿ ತೊಳೆದು, ಮದುಮಗನಂತೆ ಹೊಳೆಯಿಸಿ, ಹೊಸದರ ಪಕ್ಕದಲ್ಲಿ ಬಾನೆಟ್ ಮೇಲೆ ಇಟ್ಟರು. ಶೆಟ್ಟರು ಒಂದನ್ನು ಎತ್ತಿ ಸಿಕ್ಕಿಸಿದರೆ, "ಅದು ಉದ್ದದ್ದು, ಡ್ರೈವರ್ ಸೈಡಿಗೆ" ಎಂದರು. ಬದಲಿಸಿದರೆ, "ಈಗ ಉಲ್ಟಾ ಆಯ್ತು" ಎಂದರು. ಕಳಚಿದ್ದು, ಸಿಕ್ಕಿಸಿದ್ದು, ಕೆಳಗಿಟ್ಟದ್ದು, ಪುನಃ ಎತ್ತಿದ್ದು. ಮೇಲಿನ ಬಾಲ್ಕನಿಯಿಂದ ಹೆಂಡತಿ ಆಶಾಲತಾ ಕೇಳಿದರು, "ಹೊಸ ಮನೆ ಒಕ್ಕಲಿನ ಊಟಕ್ಕೆ ಹೋಗ್ಲಿಕ್ಕುಂಟಲ್ಲ, ಕೈ ತೊಳೆಯುವ ಹೊತ್ತಿಗಾದ್ರೂ ಮುಟ್ತೇವಾ?"

ಕೊನೆಗೆ ಎರಡು ಬ್ಲೇಡು ಟಕ್ಕೆಂದು ಸಲೀಸಾಗಿ ಕೂತವು. "ಹೊಸದು ಅಂದ್ರೆ ಹೊಸದೇ" ಎನ್ನುತ್ತ ಶೆಟ್ಟರು ಉಳಿದೆರಡನ್ನು ಕಸದ ಡಬ್ಬಕ್ಕೆ ಹಾಕಿದರು.

ನೇತ್ರಾವತಿ ಸೇತುವೆಯ ಮೇಲೆ ಮಳೆ ಹೊಡೆಯಿತು. ವೈಪರ್ ಹಾಕಿದರೆ ಅದೇ ಬೆಕ್ಕು.

"ಹೊಸದಕ್ಕೂ ಅದೇ ಸ್ವರ," ಎಂದರು ಆಶಾಲತಾ.

ತೊಕ್ಕೊಟ್ಟು ಮುಟ್ಟುವಾಗ ರಬ್ಬರ್ ಕಿತ್ತು ನೇತಾಡುತ್ತಿತ್ತು. ಶೆಟ್ಟರು ಅದನ್ನು ಸತ್ತ ಕೇರೆಹಾವಿನಂತೆ ಬಾಲ ಹಿಡಿದುಕೊಂಡು ಅಂಗಡಿಗೆ ನುಗ್ಗಿದರು. ಒಳಗೆ ಗಿರಾಕಿಗಳಿದ್ದರು. ಇದ್ದದ್ದು ಶೆಟ್ಟರಿಗೆ ಒಳ್ಳೆಯದೇ ಆಯಿತು.

"ಬಾವಾ, ಬೆಳಿಗ್ಗೆ ಹಾಕಿದ್ದು. ಈಗ ಇದು ಅವಸ್ಥೆ. ಸೇತುವೆಯಿಂದ ಕೆಳಗೆ ಬಿದ್ದಿದ್ರೆ ನೀವು ಬರ್ತಿದ್ರಾ ಎತ್ತಲಿಕ್ಕೆ?"

ವಯಸ್ಸಾದ ಬಾವರ ಮುಖ ಇಳಿಯಿತು. "ಇಷ್ಟು ವರ್ಷದಲ್ಲಿ ಹೀಗೆ ಆಗ್ಲಿಲ್ಲ ಶೆಟ್ರೆ. ನನಗೆ ನಾಚಿಕೆ ಆಗ್ತದೆ." ನಿಂತಲ್ಲಿಂದಲೇ, ಅಂಗಡಿಗೆ ಮಾಲು ತಂದುಕೊಡುವ ಅಫ್ರೋಝ್‌ಗೆ ಫೋನ್ ಮಾಡಿದರು. "ಸಂಜೆ ಬಾ. ಇನ್ನು ನಿನ್ನ ವ್ಯಾಪಾರ ನನಗೆ ಬೇಡ."

"ಹಾಗೇ ಆಗ್ಬೇಕು," ಎಂದರು ಶೆಟ್ಟರು.

ಬಾವ ಒಂದು ಕೈಯಲ್ಲಿ ಕೊಡೆ ಹಿಡಿದು, ಮಳೆಯಲ್ಲಿ ಅರ್ಧ ನೆನೆದು, ಇನ್ನೊಂದು ಹೊಸ ಜೊತೆ ಹಾಕಿಕೊಟ್ಟರು. ಒಕ್ಕಲಿನ ಊಟದ ಪಂಕ್ತಿಯಲ್ಲಿ ಶೆಟ್ಟರು ತಮ್ಮ ಗೆಲುವನ್ನು ಎಡಗಡೆಯವರಿಗೂ ಬಲಗಡೆಯವರಿಗೂ ಹೇಳಿದರು.

ಮನೆಗೆ ಬಂದಾಗ ಗೇಟಿನಲ್ಲೇ ವಿನಿಫ್ರೆಡ್ ಬಾಯಿ ನಿಂತಿದ್ದರು. ಕೈಯಲ್ಲಿ ಎರಡು ಬ್ಲೇಡು.

"ಶೆಟ್ರೆ, ಇದನ್ನು ಯಾಕೆ ಬಿಸಾಡಿದ್ದು? ರಬ್ಬರಿನ ಅಂಚಿನ ತೆಳು ಪ್ಲಾಸ್ಟಿಕ್ ಕೂಡ ತೆಗೀಲಿಲ್ಲ. ಹೊಚ್ಚ ಹೊಸದು."

ಹಿಂದೆ ನಿಂತಿದ್ದ ಮರ್ವಿನ್ ಮೋಡ ಹೇಗುಂಟು ಎಂದು ನೋಡತೊಡಗಿದರು.

ಶೆಟ್ಟರ ಕಿವಿ ಬಿಸಿಯಾಯಿತು. ಕಾರಿಗೆ ಹಾಕಿದ್ದು ಹಳತು, ಕಸಕ್ಕೆ ಹಾಕಿದ್ದು ಹೊಸದು. ಕೊಡೆ ಹಿಡಿದು ನೆನೆಯುತ್ತಿದ್ದ ಆ ಮುದುಕರ ಬೆನ್ನು ಕಣ್ಣಿಗೆ ಕಟ್ಟಿತು. ನಾಳೆ ಹೋಗಿ ಹೇಳಿದರಾಗದೇ ಎಂದು ಹೆಂಡತಿಯ ಮುಖ ನೋಡಿದರು.

"ಕಾರು ತಿರುಗಿಸಿ," ಎಂದರು ಆಶಾಲತಾ.

ಅಂಗಡಿಯಲ್ಲಿ ಅಫ್ರೋಝ್ ತಲೆ ತಗ್ಗಿಸಿ ನಿಂತಿದ್ದ. ನಡುವಯಸ್ಸಿನ ಮನುಷ್ಯ, ಹೆಗಲಲ್ಲಿ ಒದ್ದೆ ಚೀಲ. ಹರಿದ ಜೊತೆ ಮೇಜಿನ ಮೇಲಿತ್ತು. ಜನ ನೋಡುತ್ತಿದ್ದರು. ಶೆಟ್ಟರು ಕಸದಿಂದ ಸಿಕ್ಕ ಜೊತೆಯನ್ನು ಅದರ ಪಕ್ಕದಲ್ಲಿಟ್ಟು ಒಂದೇ ಉಸಿರಿಗೆ ಹೇಳಿದರು:

"ಬಾವಾ, ಇವರದ್ದು ತಪ್ಪಿಲ್ಲ. ಅದು ನನ್ನ ಹಳತು. ನಿಮ್ಮ ಹೊಸದು ಇದು. ನಾನೇ ಕಸಕ್ಕೆ ಹಾಕಿದ್ದೆ."

ಬಾವ ಬ್ಲೇಡುಗಳನ್ನು ತಿರುಗಿಸಿ ನೋಡಿದರು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಶೆಟ್ರೆ, ಯಾವ ಅಂಗಡಿಯಿಂದ ತಂದ್ರಿ ಇದನ್ನು?"

"ಎಂತ?"

"ಹೊಸದನ್ನು ಕಸಕ್ಕೆ ಹಾಕಿ ಹಳತನ್ನು ಕಾರಿಗೆ ಹಾಕ್ಲಿಕ್ಕೆ ನೀವೆಂತ ಚಿಕ್ಕ ಮಗುವಾ? ನಾನು ಫೋನಿನಲ್ಲಿ ಹೇಳಿದ್ದು ನೀವು ಕೇಳಿದ್ರಲ್ಲ. ಇವನ ಹೊಟ್ಟೆಪಾಡು ಹೋಗ್ತದೆ ಅಂತ ನಿಮಗೆ ಸಂಕಟ ಆಗಿದೆ."

"ಅಲ್ಲ ಬಾವಾ, ದೇವರಾಣೆ."

"ಆಣೆ ಹಾಕ್ಬೇಡಿ. ಒಳ್ಳೇದಕ್ಕೆ ಹೇಳಿದ್ರೂ ಸುಳ್ಳು ಸುಳ್ಳೇ." ಬಾವ ಅಫ್ರೋಝ್ ಕಡೆ ತಿರುಗಿದರು. "ನೋಡು, ನಿನ್ನ ಹಾಳು ಮಾಲಿಗೆ ಇವರು ಮರ್ಯಾದೆ ಕಳ್ಕೊಳ್ತಾ ಇದ್ದಾರೆ. ಇವರ ಮುಖ ನೋಡಿ ಬಿಟ್ಟಿದ್ದೇನೆ. ಇನ್ನೊಮ್ಮೆ ಹೀಗೆ ಮಾಡ್ಬೇಡ."

ಯಾರೋ ಶೆಟ್ಟರಿಗೆ ಕುರ್ಚಿ ಬಿಟ್ಟುಕೊಟ್ಟರು. ಅವರು ಇನ್ನೊಮ್ಮೆ ಬಾಯಿ ತೆರೆಯುವಷ್ಟರಲ್ಲಿ ಕೈಗೆ ಚಾ ಬಂತು. ಏನೂ ತಪ್ಪು ಮಾಡದ ಅಫ್ರೋಝ್ ಎರಡೂ ಕೈಯಿಂದ ಅವರ ಕೈ ಹಿಡಿದುಕೊಂಡು, "ಕ್ಷಮಿಸಿ ಸಾರ್, ನಮ್ಮಿಂದ ನಿಮಗೆ ತೊಂದರೆ ಆಯ್ತು," ಎಂದ.

ಶೆಟ್ಟರು ಕಾರಿಗೆ ಬಂದು ಕೂತರು.

"ಹೇಳಿದ್ರಾ?" ಆಶಾಲತಾ ಕೇಳಿದರು.

"ಹೇಳಿದೆ."

"ತುಂಬ ಬೈದ್ರಾ?"

"ಇಲ್ಲ. ಚಾ ಕೊಟ್ರು."

ಎದುರಿಗೆ ಅಫ್ರೋಝ್ ಮಳೆಯಲ್ಲಿ ನಿಂತು, ತನ್ನ ಕರವಸ್ತ್ರದಿಂದ ಅವರ ಕಾರಿನ ಗಾಜನ್ನು ಒರೆಸುತ್ತಿದ್ದ. ಒರೆಸುತ್ತ ಒರೆಸುತ್ತ ಒಳಗೆ ಬಗ್ಗಿ ನೋಡಿ ನಕ್ಕ. ಶೆಟ್ಟರು ಬಹಳ ಹೊತ್ತು ಕೀಲಿಕೈ ಹುಡುಕುವವರಂತೆ ತಲೆ ತಗ್ಗಿಸಿಯೇ ಇದ್ದರು. ಕೀಲಿಕೈ ಅವರ ಕೈಯಲ್ಲೇ ಇತ್ತು.