ಹೇಮಲತಾಳ ಕೊನೆಯ ಪುಟಗಳು

ಬೀಳಗಿ ತಾಲೂಕಿನಲ್ಲಿ ಕಾಣೆಯಾದ ಯಾವುದೇ ವಸ್ತು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದೆಯೆಂದೇ ಭಾವಿಸತಕ್ಕದ್ದು. ಇದು ಆಣೆಕಟ್ಟೆಯಲ್ಲಿ ನೀರು ನಿಂತ ವರ್ಷದಿಂದ ಜಾರಿಯಲ್ಲಿರುವ ನಿಯಮ. ಬರೆದವರಾರೆಂದು ಕೇಳಬಾರದು; ಬಹುಶಃ ಅವರೂ ಮುಳುಗಿದ್ದಾರೆ. ರೈತ ಗಿರಿಮಲ್ಲಪ್ಪ ಎಂದೂ ತೋಡದ ಬಾವಿಯೊಂದು ಹೀಗೆಯೇ ಮುಳುಗಿ ಪರಿಹಾರ ಪಡೆಯಿತು. ಬಾವಿಯೊಳಗೆ ನೀರು ಇರುವುದು ಸಹಜವೆಂದು ಎಲ್ಲರೂ ಸುಮ್ಮನಾದರು.

ಇಂಥ ತಾಲೂಕಿನ ‘ಮುಳುಗಡೆ ಗ್ರಂಥಗಳ ಪುನರ್ವಸತಿ ಉಪಕಚೇರಿ’ಯಲ್ಲಿ ಸುವರ್ಣಾ ಗುಮಾಸ್ತೆ. ಮುಳುಗಿದ ಊರುಗಳ ವಾಚನಾಲಯಗಳಿಂದ ಟ್ರ್ಯಾಕ್ಟರಿನಲ್ಲಿ ಹೇರಿ ತಂದ ಪುಸ್ತಕಗಳನ್ನು, ಹೊಸ ಕಪಾಟು ಮಂಜೂರಾಗುವವರೆಗೆ ಕಾಯುವುದು ಅವಳ ಕೆಲಸ. ಎಂಟು ವರ್ಷವಾದರೂ ಕಪಾಟು ಬಂದಿರಲಿಲ್ಲ. ಕಾಯುತ್ತ ಕೂತವಳು ಓದದೆ ಇನ್ನೇನು ಮಾಡಿಯಾಳು, ಪಾಪ!

ಅದರಲ್ಲೂ ಒಂದು ಹಳೇ ಪ್ರೇಮ ಕಾದಂಬರಿ ಅವಳಿಗೆ ಬಾಯಿಪಾಠ. ನಾಯಕ ಬಾಗಿಲಲ್ಲಿ ನಿಂತು ನಾಯಕಿ ಹೇಮಲತಾಳನ್ನು ಮದುವೆಯಾಗುವೆಯಾ ಎಂದು ಕೇಳುತ್ತಾನೆ. ಹೇಮಲತಾ ಕಿಟಕಿಯ ಕಡೆ ತಿರುಗಿ, “ವಿಚಾರ ಮಾಡಿ ಹೇಳುತ್ತೇನೆ” ಎನ್ನುತ್ತಾಳೆ. ಅಲ್ಲಿಗೆ ಪುಸ್ತಕ ಖಲಾಸ್. ಮುಂದಿನ ಪುಟಗಳು ಸಾಗಾಣಿಕೆಯಲ್ಲಿ ಕಿತ್ತುಹೋಗಿದ್ದವು. ತಾಲೂಕಿನಲ್ಲಿ ಮದುವೆಯಾಗದೆ ಉಳಿದ ನೌಕರದಾರ ಹೆಣ್ಣುಮಕ್ಕಳೆಲ್ಲ ಪಾಳಿ ಹಚ್ಚಿ ಈ ಪುಸ್ತಕವನ್ನೇ ಒಯ್ಯುತ್ತಿದ್ದರು.

ಅನಾಹುತವಾದದ್ದು ವರನ ಕಡೆಯವರು ಸುವರ್ಣಾಳನ್ನು ನೋಡಲು ಬಂದ ದಿನ. ವರ, ಸಮೀರವಾಡಿ ಕಡೆಯ ಕಬ್ಬಿನ ಕುಳ ಮುತ್ತಪ್ಪ. ಅವನ ಸೋದರಮಾವ ಗಂಗಾರಾಮ ಸಾಹೇಬರು ಸುವರ್ಣಾಳ ಕಚೇರಿಯ ಮೇಲಧಿಕಾರಿಗಳು. ಅವಳನ್ನು ನಡೆಸಿ ನೋಡಿದರು, ಸೂಜಿಗೆ ದಾರ ಪೋಣಿಸಲು ಹೇಳಿ ನೋಡಿದರು. ಉಪ್ಪಿಟ್ಟಿನ ತಾಟು ಕೆಳಗಿಡುತ್ತ ಸಾಹೇಬರು, “ಕನ್ಯಾ ಪಸಂದ ಆತು. ಮುಹೂರ್ತ ಯಾವಾಗ ಇಟ್ಕೊಳ್ಳೂಣ್ರಿ?” ಅಂದರು.

ಸುವರ್ಣಾ ಕಿಟಕಿಯ ಕಡೆ ತಿರುಗಿದಳು. “ವಿಚಾರ ಮಾಡಿ ಹೇಳತೇನ್ರಿ.”

ತಾಯಿ ತಾರವ್ವ ಹಣೆ ಬಡಿದುಕೊಂಡಳು. “ಲೇ ಸುವರ್ಣಿ, ಮೂವತ್ನಾಕು ತುಂಬ್ಯಾವು. ಇನ್ನೇನ ವಿಚಾರ ಉಳದೈತಿ ನಿಂದು?”

ಕನ್ಯೆ ವಿಚಾರ ಮಾಡುವ ಪದ್ಧತಿ ತಾಲೂಕಿನಲ್ಲಿ ಇರಲಿಲ್ಲವಾದ್ದರಿಂದ ಆ ಮಾತು ಬಂದದ್ದು ಕಚೇರಿಯ ಕಾದಂಬರಿಯಿಂದಲೇ ಎಂದು ಪತ್ತೆಹಚ್ಚಿದ ಸಾಹೇಬರು ಮರುದಿನವೇ ಪ್ರಕಟಣೆ ಹೊರಡಿಸಿದರು: ‘ಹಳೇ ಕಾದಂಬರಿಯ ನಾಯಕಿಯು ಇಂದಿನ ಅವಿವಾಹಿತ ಮಹಿಳೆಯರಿಗೆ ಏತಕ್ಕೆ ಹಿಡಿಸುತ್ತಾಳೆಂಬುದನ್ನು ಪರಿಶೀಲಿಸಿ, ಇನ್ನು ಮುಂದೆ ಹಿಡಿಸದಂತೆ ಕ್ರಮ ಜರುಗಿಸಲಾಗುವುದು.’

ಪುಸ್ತಕ ಒಯ್ದವರಲ್ಲಿ ಮೊದಲು ಕರೆಸಿದ್ದು ಸಾಲಿ ಕಲಿಸುವ ವೈಶಾಲಿಯನ್ನು.

“ಆ ಹೇಮಲತಾಗ ನೌಕರಿ ಐತೇನು?”

“ಇಲ್ರಿ.”

“ಹೊಲಾ?”

“ಇಲ್ರಿ.”

“ಬಂಗಾರ?”

“ಕಿವ್ಯಾಗ ಒಂದ ಜೋಡಿ ಬೆಂಡವಾಲಿರಿ. ಅವೂ ಅವರವ್ವನೂವು.”

“ಮತ್ತೇನ ಕಂಡೀರಿ ಅಕಿಯೊಳಗ?”

“ಅಕಿ ಮಾತಾಡೂತನಾ ಅವ ಬಾಗಲಾಗ ನಿಂದರತಾನ್ರಿ ಸರ್. ನಮ್ಮನಿಗಿ ಬಂದಾವರು ಉಪ್ಪಿಟ್ಟು ಆರೂದ್ರಾಗ ಉತ್ತರಾ ಬೇಡತಾರು.”

ಉಪ್ಪಿಟ್ಟಿನ ಮಾತು ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲವೆಂದು ಸಾಹೇಬರು ಬಿಟ್ಟುಬಿಟ್ಟರು. ಆದರೂ ಅವರು ಶಾಣ್ಯಾ ಮನುಷ್ಯ. ಕೊನೆಯ ಪುಟಗಳಲ್ಲಿ ಹೇಮಲತಾ ಹೂಂ ಅಂದೇ ಇರುತ್ತಾಳೆ. ಪುಟ ಸಿಕ್ಕರೆ ಸುವರ್ಣಾಳೂ ಹೂಂ ಅನ್ನತಕ್ಕದ್ದು ಎಂದು ಅಪ್ಪಣೆ ಮಾಡಿದರು. ಎಂಟು ವರ್ಷ ಜತೆಗಿದ್ದ ಹೇಮಲತಾ ಎರಡು ಹಾಳೆಯಲ್ಲಿ ಕೈಬಿಟ್ಟರೆ ಸುವರ್ಣಾ ಯಾರ ಮುಂದೆ ಅಳಬೇಕು?

ಮುಧೋಳದ ಪುಸ್ತಕದಂಗಡಿ, ಜಮಖಂಡಿಯ ರದ್ದಿ ಅಂಗಡಿ, ಬನಹಟ್ಟಿಯಲ್ಲಿ ಸೀರೆ ಸುತ್ತುವ ಹಳೇ ಕಾಗದ, ಎಲ್ಲವನ್ನೂ ಸಾಹೇಬರು ಜಾಲಾಡಿಸಿದರು. ಪುಟ ಸಿಗಲಿಲ್ಲ.

ಆಗ ಸುವರ್ಣಾ ಸಾಹೇಬರ ಟೇಬಲ್ ಮುಂದೆ ಕೈಕಟ್ಟಿ ನಿಂತಳು. “ಸರ್, ಮುಳಗ್ಯಾವಂತ ಬರೀಲೇನ್ರಿ? ಗಿರಿಮಲ್ಲಪ್ಪನ ಬಾವಿಗತೆ?”

ಪುಟ ಮುಳುಗಿಲ್ಲವೆಂದರೆ ಬಾವಿಯೂ ಮುಳುಗಿಲ್ಲವೆಂದಾಗುತ್ತಿತ್ತು. ಆ ಬಾವಿಯ ಪರಿಹಾರದಲ್ಲಿ ಸಿಕ್ಕ ಪಾಲಿನಿಂದಲೇ ಸಾಹೇಬರ ಮನೆಯ ಮೇಲೆ ಮಾಳಿಗೆ ಎದ್ದಿತ್ತು.

ಅಂತಿಮ ಆದೇಶ ಹೀಗಿತ್ತು: ‘ಸದರಿ ಪುಟಗಳು ಮುಳುಗಡೆಯಾಗಿರುತ್ತವೆ. ನೀರು ಇಳಿದು ಅವು ದೊರೆಯುವವರೆಗೆ ಹೇಮಲತಾ ವಿಚಾರ ಮಾಡುತ್ತಿದ್ದಾಳೆಂದೇ ಭಾವಿಸತಕ್ಕದ್ದು. ಅವಳ ಓದುಗರಿಗೂ ಇದು ಅನ್ವಯಿಸುತ್ತದೆ.’

ಜನ ಒಪ್ಪಿಕೊಂಡರು. ಸರಕಾರಿ ಸಿಕ್ಕಾ ಬಿದ್ದ ಮೇಲೆ ಒಪ್ಪದಿರಲು ಅವರಿಗೇನು ಹುಚ್ಚೇ? ವರನ ಕಡೆಯವರು ಬಂದರೆ ತಾರವ್ವನೇ, “ನೀರ ಇಳೀಲಿ ತಡೀರಿ” ಎಂದು ಚಹಾ ಕೊಟ್ಟು ಕಳಿಸತೊಡಗಿದಳು.

ಬೇಸಿಗೆಯಲ್ಲಿ ಮುತ್ತಪ್ಪ ಅನಗವಾಡಿಯ ಸೇತುವೆ ಮೇಲೆ ಮೋಟರ್‌ಸೈಕಲ್ ನಿಲ್ಲಿಸಿ, ನೀರು ನೋಡಿಕೊಂಡು, ಕಚೇರಿಗೆ ಬಂದ.

“ನೀರ ಇನ್ನೂ ಐತ್ರಿ,” ಅಂದ.

“ಹೌದ್ರಿ.”

“ವಿಚಾರ ಎಲ್ಲೀತನಾ ಬಂತ್ರಿ?”

ಅವಳ ವಿಚಾರವನ್ನು ಯಾರಾದರೂ ವಿಚಾರಿಸಿದ್ದು ಅದೇ ಮೊದಲು. ಸುವರ್ಣಾ ಕುರ್ಚಿ ಸರಿಸಿದಳು. “ನಡದೈತ್ರಿ. ಒಳಗ ಬರ್ರಿ, ಕುಂದರ್ರಿ.”

“ಬ್ಯಾಡ್ರಿ. ಬಾಗಲಾಗ ನಿಂದರತೇನಿ,” ಅಂದ ಮುತ್ತಪ್ಪ. “ಪುಸ್ತಕ ನಾನೂ ಓದೇನ್ರಿ.”

ಅವನು ಪ್ರತಿ ವಾರ ಬಂದು ನಿಲ್ಲುತ್ತಾನೆ. ಕಚೇರಿಯು ಅವನಿಗೆ ಬಾಗಿಲಲ್ಲಿ ನಿಲ್ಲುವಷ್ಟು ಜಾಗವನ್ನು ಮಂಜೂರು ಮಾಡಿದೆ. ಕಪಾಟು ಮಾತ್ರ ಇನ್ನೂ ಬಂದಿಲ್ಲ.