ಅವ್ವನ ಪಾಳಿ ಮತ್ತು ಲೋಕಸಭೆಯ ಸೀಟು

ಪೌರನೀತಿ ಕಲಿಸುವ ಮೇಷ್ಟ್ರುಗಳು ಊಟಕ್ಕೆ ಕೂತಾಗ ಬಾಯಿ ಮುಚ್ಚಿಕೊಂಡಿರಬೇಕು ಎಂಬುದು ನನ್ನ ಈಚಿನ ಅಭಿಪ್ರಾಯ. ತರಗತಿಯಲ್ಲಿ ಏನು ಹೇಳಿದರೂ ಗಂಟೆ ಬಾರಿಸಿದ ಮೇಲೆ ಮಕ್ಕಳು ಮರೆತುಬಿಡುತ್ತಾರೆ. ಮನೆಯವರು ಮರೆಯುವುದಿಲ್ಲ, ನಮ್ಮ ಮೇಲೆಯೇ ಪ್ರಯೋಗಿಸುತ್ತಾರೆ.

ನಾನಿರುವುದು ಕುಷ್ಟಗಿಯಲ್ಲಿ, ತಮ್ಮ ಈರಣ್ಣ ಗಂಗಾವತಿಯಲ್ಲಿ. ಅಪ್ಪ ಹೋದ ಮೇಲೆ ಅವ್ವ ಆರು ತಿಂಗಳು ನನ್ನಲ್ಲಿ, ಆರು ತಿಂಗಳು ಅವನಲ್ಲಿ. ಇದಕ್ಕೆ ನಾವು ಪಾಳಿ ಎನ್ನುತ್ತೇವೆ. ಹಿಟ್ಟಿನ ಗಿರಣಿಯಲ್ಲಿ ಡಬ್ಬಿಗಳಿಗೆ ಹಚ್ಚುವಂತೆ ಹೆತ್ತವಳಿಗೂ ಪಾಳಿ ಹಚ್ಚಿದ್ದೇವಲ್ಲ ಎಂದು ಒಮ್ಮೊಮ್ಮೆ ನಾಚಿಕೆಯಾಗುತ್ತದೆ. ಆದರೆ ಆಕೆ ಬಸ್ಸಿನಿಂದ ಇಳಿದ ದಿನ ನನ್ನ ಮನೆಗೊಂದು ಕಳೆ ಬರುತ್ತದೆ. ಹೊರಟ ದಿನ ನನಗೆ ಅನ್ನ ಸೇರುವುದಿಲ್ಲ. ಇದನ್ನು ಆಕೆಯ ಮುಂದೆ ಯಾವತ್ತೂ ಹೇಳಿಲ್ಲ.

ಮೊನ್ನೆ ಅವ್ವನನ್ನು ಕರೆದೊಯ್ಯಲು ಈರಣ್ಣ ಬಂದಿದ್ದ. ಮಧ್ಯಾಹ್ನ ಊಟಕ್ಕೆ ಕೂತಾಗ ಟಿ.ವಿ.ಯಲ್ಲಿ ಲೋಕಸಭೆಯ ಸೀಟುಗಳ ಜಗಳ. "ಏನಣ್ಣಾ ಅದು ಸುದ್ದಿ?" ಎಂದ. ಕೇಳಿದ್ದೇ ತಡ, ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು ಪಾಠ ಶುರು ಮಾಡಿದೆ. ಯಾವ ರಾಜ್ಯದಲ್ಲಿ ಎಷ್ಟು ಜನವೋ ಅದಕ್ಕೆ ತಕ್ಕಷ್ಟು ಸೀಟು, ತಲೆ ತಲೆಗೆ ವ್ಯತ್ಯಾಸ ಮಾಡಬಾರದು, ಹಳೆಯ ಜನಗಣತಿಗೇ ಅಂಟಿಕೊಂಡು ಕೂತರೆ ಅನ್ಯಾಯ ಎಂದೆಲ್ಲ ಹೇಳಿದೆ.

ಈರಣ್ಣ ಸಮಾಧಾನದಿಂದ ಕೇಳಿದ. "ಹಂಗಾದ್ರ ನಮ್ಮ ಮನ್ಯಾಗ ಆರು ಮಂದಿ ಅದೀವಿ, ನಿಮ್ಮನ್ಯಾಗ ಮೂರು ಮಂದಿ. ಅವ್ವ ಎಂಟು ತಿಂಗಳು ನಮಗ, ನಾಕು ನಿಮಗ. ನ್ಯಾಯ ಹೌದಿಲ್ಲೋ ಅಣ್ಣಾ?"

ನನ್ನ ಸಂವಿಧಾನಕ್ಕೆ ಅಲ್ಲೇ ತಿದ್ದುಪಡಿಯಾಯಿತು. ಕೂತಲ್ಲೇ ಪಕ್ಷ ಬದಲಿಸಿದೆ. "ಸರ್ಕಾರದ ಮಾತು ಕೇಳಿ ಒಬ್ಬಾಕಿ ಮಗಳು ಸಾಕು ಅಂದೆ. ಮಾತು ಕೇಳಿದಾವಗ ದಂಡ ಏನು? ನಮ್ಮ ದಕ್ಷಿಣದ ರಾಜ್ಯದವ್ರು ಬಡ್ಕೊಳ್ಳಾಕತ್ತಿದ್ದೂ ಇದನ್ನ!" ಎಂದು ಕೂಗಾಡಿದೆ.

ಅವ್ವ ಅಷ್ಟು ಹೊತ್ತೂ ಅನ್ನಕ್ಕೆ ಮೊಸರು ಕಲಸುತ್ತಿದ್ದಳು. "ಬರೇ ತಲಿ ಎಣಸಬ್ಯಾಡ್ರೋ" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಈ ಆರು ತಿಂಗಳದಾಗ ನನ್ನ ಮಗ್ಗಲಕ ಕುಂತು ಮಾತಾಡಿದವ್ರು ಈ ಮನ್ಯಾಗ ಎಷ್ಟು ಮಂದಿ? ಅದನ್ನ ಎಣಸಪ್ಪಾ."

ಸೋಲುವ ಪೈಕಿ ನಾನಲ್ಲ, ಎಣಿಸತೊಡಗಿದೆ. ಹೆಂಡತಿ ದಿನಾಲೂ ಪಕ್ಕದಲ್ಲಿ ಕೂರುತ್ತಾಳೆ, ಒಂದು. ಮಗಳು ಶಾಲೆಯಿಂದ ಬಂದವಳೇ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಹರಟುತ್ತಾಳೆ, ಎರಡು. ಮೂರನೆಯವನು ಪೇಪರು ಓದುತ್ತಾನೆ, ಉತ್ತರಪತ್ರಿಕೆ ತಿದ್ದುತ್ತಾನೆ, ಯಾರಾದರೂ ಕೇಳಿದರೆ ಪಾಠ ಮಾಡುತ್ತಾನೆ. ಎರಡು ಬೆರಳು ಮಡಚಿಕೊಂಡು ನಾನು ಕೂತೇ ಇದ್ದೆ. ಈರಣ್ಣ ಕೈ ತೊಳೆದು ಬಂದು ಅವ್ವನ ಬ್ಯಾಗು ಎತ್ತಿಕೊಂಡ.